ಬಿಸ್ಕಿಟ್ ಮೇಲೆ ನಾನು

ಹೋದ ಜುಲೈನಲ್ಲಿ ವೇಗಸ್‌ನಿಂದ ನಾಲ್ಕು ಗಂಟೆ ಕಾರ್ ಓಡಿಸ್ಕೊಂಡು ಅಮೆರಿಕದ ಯೂಟಾ ರಾಜ್ಯದ ಬ್ರೈಸ್ ಕ್ಯಾನ್ಯನ್ ನ್ಯಾಷನಲ್ ಪಾರ್ಕಿಗೆ ಹೋಗಿದ್ವಿ, ಪ್ಲಾನ್ ಎಲ್ಲಾ ನಂದೇ, ಬೆಳಿಗ್ಗೆ ಹೈಕಿಂಗ್, ಮಧ್ಯಾಹ್ನ ಕುದ್ರೆ ಸವಾರಿ. ಉಲ್ಟಾ ಮಾಡ್ಬೇಕಿತ್ತು ಅಂತ ತೊಡೆ ಹೇಳ್ತು, ಆದ್ರೆ ಸಂಜೆ ಹೇಳ್ತು.

ನಮ್ಮ ಕಡೆ ಬೆಟ್ಟ ಅಂದ್ರೆ ಮೊದಲು ಏದುಸಿರು ಬಿಟ್ಕೊಂಡು ಹತ್ತೋದು, ಆಮೇಲೆ ಚುರುಮುರಿ ತಿಂದು ಆರಾಮಾಗಿ ಇಳಿಯೋದು. ಇಲ್ಲಿ ಕಾರ್ ನಿಲ್ಸಿದ ಜಾಗವೇ ತುದಿ, ಸುಮಾರು 8000 ಅಡಿ, ನಮ್ಮ ಮುಳ್ಳಯ್ಯನಗಿರಿಗಿಂತ ಎತ್ತರ. ಕ್ವೀನ್ಸ್ ಗಾರ್ಡನ್ ದಾರೀಲಿ ಹಾಡು ಹೇಳ್ಕೊಂಡು ಇಳಿದ್ವಿ, ಸುತ್ತ ಕಿತ್ತಳೆ ಬಣ್ಣದ ಕಲ್ಲಿನ ಕಂಬಗಳು, ಹೂಡೂ ಅಂತಾರೆ, ಬಿರುಕಲ್ಲಿ ಇಳಿದ ನೀರು ರಾತ್ರಿ ಹೆಪ್ಪುಗಟ್ಟಿ ಹಗಲು ಕರಗಿ ಕಲ್ಲನ್ನ ಸೀಳಿ ಸೀಳಿ ಆಗಿರೋದು. ಅದ್ರಲ್ಲಿ ಒಂದು ಥೇಟ್ ವಿಕ್ಟೋರಿಯಾ ರಾಣಿಯಂತೆ, ನನಗೆ ಮಾತ್ರ ಕುಕ್ಕರ್ ಮೂರನೇ ವಿಸಿಲ್‌ಗೆ ಕಾಯ್ತಾ ನಿಂತ ನಮ್ಮತ್ತೆ ಥರ ಕಾಣ್ತು (ಇದನ್ನ ಹೆಂಡ್ತಿಗೆ ಇವತ್ತಿಗೂ ಹೇಳಿಲ್ಲ). ನವಾಜೋ ಲೂಪಲ್ಲಿ ವಾಪಸ್ ಹತ್ತೋವಾಗ ಹಾಡು ನಿಂತೋಯ್ತು. ಒಂದೊಂದು ತಿರುವಲ್ಲೂ "ಇರು, ಫೋಟೋ ತೆಗಿತೀನಿ" ಅಂತ ನಿಂತು ನಿಂತು, ಫೋನಲ್ಲಿ ಒಂದೇ ಗೋಡೆಯ 43 ಫೋಟೋ ಇದೆ.

ಮಧ್ಯಾಹ್ನ ಕುದ್ರೆ ಹತ್ತೋ ಜಾಗದಲ್ಲಿ ಮೊದಲು ತೂಕ ಕೇಳ್ತಾರೆ, 220 ಪೌಂಡ್ ದಾಟೋ ಹಾಗಿಲ್ಲ. ನಾನು ಮದುವೆ ಟೈಮಿನ ತೂಕ ಹೇಳ್ದೆ. "ರೀ, ಪಾಪ ಆ ಪ್ರಾಣಿ ಮುಖ ನೋಡಾದ್ರೂ ನಿಜ ಹೇಳ್ರೀ" ಅಂದ್ಲು ಹೆಂಡ್ತಿ. ಕನ್ನಡದಲ್ಲೇ ಅಂದಿದ್ದು, ಆದ್ರೂ ಗೈಡ್‌ಗೆ ಅರ್ಥ ಆಯ್ತೋ ಏನೋ, ನನ್ನನ್ನ ಮೇಲಿಂದ ಕೆಳಗೆ ನೋಡಿ, ಕುದ್ರೆ ಸಾಲು ಬಿಟ್ಟು ಒಂದು ಹೇಸರಗತ್ತೆ ಎಳ್ಕೊಂಡು ಬಂದ. ಹೆಸ್ರು ಬಿಸ್ಕಿಟ್. ಹೆಂಡ್ತಿಗೆ ಬಿಳಿ ಕುದ್ರೆ, ಕಿತ್ತೂರು ಚೆನ್ನಮ್ಮನ ಥರ ಕೂತ್ಲು.

ದಾರಿ ಅಷ್ಟಗಲ ಇದ್ರೂ ಬಿಸ್ಕಿಟ್‌ಗೆ ಪ್ರಪಾತದ ಅಂಚೇ ಬೇಕು. ತಿರುವು ಬಂದ್ರೆ ಅದರ ಕತ್ತು ಗಾಳೀಲಿ, ಅದರ ಹಿಂದೆ ನನ್ನ ಜೀವ. ಲಗಾಮು ಎಳ್ದೆ, ಬೈದೆ, ಮನೆದೇವ್ರಿಗೆ ಹರಕೆ ಹೊತ್ತೆ. ಅದಕ್ಕೆ ದಾರಿ ಗೊತ್ತು, ನೀವು ಏನೂ ಮಾಡ್ದೆ ಸುಮ್ನೆ ಕೂತಿರಿ ಅಂದ ಗೈಡ್. ಆಫೀಸಲ್ಲಿ ನಮ್ಮ ಟೀಮಿನೋರೂ ಇದನ್ನೇ ಹೇಳೋದು. 1870ರ ದಶಕದಲ್ಲಿ ಇಲ್ಲಿ ದನ ಮೇಯಿಸ್ಕೊಂಡಿದ್ದ ಎಬೆನೇಜರ್ ಬ್ರೈಸ್ ಅನ್ನೋನ ಹೆಸ್ರೇ ಪಾರ್ಕಿಗೆ ಬಂದಿರೋದು, ಹಸು ಕಳ್ಕೊಂಡ್ರೆ ಇಷ್ಟು ದರಿದ್ರ ಜಾಗ ಇನ್ನೊಂದಿಲ್ಲ ಅಂತಿದ್ನಂತೆ. ಗಂಡನ್ನ ಕಳ್ಕೊಂಡ್ರೆ ಹುಡುಕ್ತಾರಾ ಅಂತ ಮುಂದೆ ನೋಡಿದ್ರೆ ಅವಳು ಗೈಡ್ ಹತ್ರ ನಗ್ತಾ ಹರಟೆ ಹೊಡೀತಿದ್ಲು.

ಕುದ್ರೆ ಬಂದ್ರೆ ನಡಿಯೋರು ಪಕ್ಕಕ್ಕೆ ಸರಿದು ಅಲ್ಲಾಡದೆ ನಿಲ್ಬೇಕು ಅನ್ನೋದು ಅಲ್ಲಿನ ರೂಲ್. ಹಾಗೇ ಒಂದು ದೊಡ್ಡ ಗುಂಪು ಶಿಸ್ತಾಗಿ ನಿಲ್ತು, ನಾನೂ ಬೆನ್ನು ನೆಟ್ಟಗೆ ಮಾಡ್ಕೊಂಡೆ, ಅಷ್ಟರಲ್ಲಿ ಬಿಸ್ಕಿಟ್ ಸರಿಯಾಗಿ ಅವ್ರ ಮುಂದೇನೇ ಕಾಲು ಅಗಲಿಸಿ ನಿಂತು ಧಾರಾಕಾರ ಶುರು ಮಾಡ್ತು. ಎಷ್ಟೊತ್ತಾದ್ರೂ ಮುಗಿಯಲ್ಲ. ಮೇಲೆ ಕೂತೋನು ಆವಾಗ ಎಲ್ಲಿ ನೋಡ್ಬೇಕು ಅಂತ ಯಾರೂ ಹೇಳ್ಕೊಟ್ಟಿರ್ಲಿಲ್ಲ. ಹೂಡೂ ನೋಡ್ದೆ.

ಮೂರು ಗಂಟೆ ಸವಾರಿ ಆದ್ಮೇಲೆ ಇಳಿದ್ರೆ ಕಾಲೆರಡೂ ಇಕ್ಕಳ ಥರ ಆಗಿದ್ವು, ರೂಮಿಗೆ ಹಾಗೇ ನಡ್ಕೊಂಡು ಹೋದೆ. ಹೆಂಡ್ತಿ ಅಷ್ಟರಲ್ಲಿ ನನ್ನ ಸವಾರಿ ಫೋಟೋನ ಫ್ಯಾಮಿಲಿ ಗ್ರೂಪಿಗೆ ಹಾಕಿದ್ಲು. ತುಮಕೂರಿಂದ ಅಮ್ಮನ ವಾಯ್ಸ್ ಮೆಸೇಜು ಬಂತು, ಗಾಬರೀಲಿ.

"ಮಗಾ, ಕತ್ತೆ ಮೇಲೆ ಕೂರ್ಸಿ ಮೆರವಣಿಗೆ ಮಾಡೋವಂಥದ್ದು ಏನೋ ಮಾಡ್ದೆ ಅಲ್ಲಿ?"