ಮರ ಸರ್ಕಾರದ್ದು, ನಷ್ಟ ಮಾತ್ರ ನಮ್ಮದೇ?

2024ರ ಜೂನ್ 2ರಂದು ಬೆಂಗಳೂರಿನಲ್ಲಿ ಒಂದೇ ದಿನ 111 ಮಿ.ಮೀ. ಮಳೆ ಸುರಿದು ನೂರಾರು ಮರಗಳು ಉರುಳಿದವು. ಆಮೇಲೆ ಕೊಂಬೆ ಕಡಿದರು, ರಸ್ತೆ ತೆರವು ಮಾಡಿದರು. ಜಜ್ಜಿಹೋದ ಕಾರು, ಕುಸಿದ ಕಾಂಪೌಂಡು ಯಾರ ಲೆಕ್ಕಕ್ಕೆ ಅನ್ನುವುದು ಮಾತ್ರ ಪ್ರತಿ ಮಳೆಗಾಲದಂತೆ ಆಗಲೂ ಹಾಗೇ ಉಳಿಯಿತು.

ನಮ್ಮ ಬೀದಿಯಲ್ಲೊಂದು ಗುಲ್‌ಮೊಹರ್ ಇತ್ತು. ಬುಡಕ್ಕೆ ಸಿಮೆಂಟು ಬಳಿದಿದ್ದರು. ಚರಂಡಿ ಅಗೆಯುವಾಗ ಒಂದು ಬದಿಯ ಬೇರನ್ನೇ ಕತ್ತರಿಸಿದ್ದರು. ಮರ ಒಣಗುತ್ತಿದೆ ಎಂದು ಎದುರು ಮನೆಯ ಹಿರಿಯರು ದೂರು ಕೊಟ್ಟರೂ ಯಾರೂ ತಿರುಗಿ ನೋಡಲಿಲ್ಲ. ಕೊನೆಗೆ ಅದು ಬಿದ್ದದ್ದು ಅವರ ಕಾಂಪೌಂಡಿನ ಮೇಲೆಯೇ. ಪರಿಹಾರ ಕೇಳಲು ಹೋದರೆ, 'ಪ್ರಕೃತಿ ವಿಕೋಪ ಸಾರ್, ನಾವೇನು ಮಾಡೋಕಾಗುತ್ತೆ' ಎಂದು ಕಳಿಸಿದರು.

ನನಗೆ ಸಿಟ್ಟು ಬರುವುದು ಈ ಉತ್ತರಕ್ಕೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಇಲ್ಲದೆ ನಾವು ಮರ ಕಡಿಯುವಂತಿಲ್ಲ. ಆ ಕಾನೂನು ಬೇಕೇ ಬೇಕು, ಅದರ ಬಗ್ಗೆ ತಕರಾರಿಲ್ಲ. ಆದರೆ ನಮ್ಮ ಕೈ ಕಟ್ಟಿದವರು ತಾವಾದರೂ ಮರವನ್ನು ನೋಡಿಕೊಳ್ಳಬೇಕಲ್ಲವೇ? ಬೇರು ಕತ್ತರಿಸಿದ್ದು ಗಾಳಿಯಲ್ಲ, ಗುತ್ತಿಗೆದಾರ.

ಸುಪ್ರೀಂ ಕೋರ್ಟ್‌ನ ಎರಡು ತೀರ್ಪುಗಳನ್ನು ಒಟ್ಟಿಗೆ ಇಟ್ಟು ನೋಡಿ. ರಾಜ್‌ಕೋಟ್‌ನಲ್ಲಿ 1975ರಲ್ಲಿ ರಸ್ತೆ ಬದಿಯ ಮರ ಬಿದ್ದು ಒಬ್ಬರು ಸತ್ತರು. ಮರ ಹಾಳಾಗಿತ್ತೆಂದು ಪಾಲಿಕೆಗೆ ಗೊತ್ತಿತ್ತು ಅನ್ನುವುದು ಸಾಬೀತಾಗಲಿಲ್ಲ, ಹಾಗಾಗಿ 1997ರಲ್ಲಿ ಪಾಲಿಕೆಯ ಪರ ತೀರ್ಪು ಬಂತು. ದೆಹಲಿಯಲ್ಲಿ 1964ರಲ್ಲಿ ಸ್ಕೂಟರ್ ಸವಾರರೊಬ್ಬರ ಮೇಲೆ ಬೇವಿನ ಕೊಂಬೆ ಬಿದ್ದು ಅವರು ತೀರಿಕೊಂಡರು. ಅದು ಒಣಗಿ ಅಪಾಯಕಾರಿಯಾಗಿದ್ದ ಮರ, ಕಾಲಕಾಲಕ್ಕೆ ಪರೀಕ್ಷಿಸುವುದು ಪಾಲಿಕೆಯ ಹೊಣೆಯಾಗಿತ್ತು ಎಂದು 1999ರಲ್ಲಿ ಕೋರ್ಟ್ ಪಾಲಿಕೆಯನ್ನೇ ಹೊಣೆ ಮಾಡಿತು. ಅಂದರೆ ಇಡೀ ವ್ಯಾಜ್ಯ ನಿಲ್ಲುವುದು ಒಂದೇ ಪ್ರಶ್ನೆಯ ಮೇಲೆ: ಅಪಾಯ ಅವರಿಗೆ ಗೊತ್ತಿತ್ತೇ, ಗೊತ್ತಿರಬೇಕಿತ್ತೇ? ಕೊಂಬೆ ಬಿದ್ದದ್ದು 64ರಲ್ಲಿ, ಕೊನೆಯ ತೀರ್ಪು 99ರಲ್ಲಿ. ಜೀವ ಹೋದ ಕುಟುಂಬವೇ ಅಷ್ಟು ವರ್ಷ ಕಾಯಬೇಕಾಯಿತು. ಮೂವತ್ತು ಸಾವಿರ ರೂಪಾಯಿಯ ಗೋಡೆಗೆ ಯಾರು ಸಿವಿಲ್ ದಾವೆ ಹೂಡುತ್ತಾರೆ?

ಇನ್ಶೂರೆನ್ಸ್ ಇದೆಯಲ್ಲ ಅನ್ನುತ್ತಾರೆ. ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದವರಿಗೆ ಕಾರಿನ ನಷ್ಟಕ್ಕೆ ಒಂದು ಪೈಸೆಯೂ ಬರುವುದಿಲ್ಲ. ಪೂರ್ಣ ಪಾಲಿಸಿ ಇದ್ದವರು ಕ್ಲೇಮ್ ಮಾಡಿದರೆ ಸಾಮಾನ್ಯವಾಗಿ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಹೋಗುತ್ತದೆ.

ಹೊಸ ಕಾನೂನನ್ನೇ ತರಬೇಕೆಂದು ನಾನು ಕೇಳುತ್ತಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಸಾರ್ವಜನಿಕ ಸೇವೆಗಳ ವ್ಯಾಜ್ಯಗಳಿಗೆಂದೇ ಖಾಯಂ ಜನತಾ ನ್ಯಾಯಾಲಯ (ಪರ್ಮನೆಂಟ್ ಲೋಕ ಅದಾಲತ್) ಇದೆ. ಕೋರ್ಟ್ ಶುಲ್ಕವಿಲ್ಲ. ಮೊದಲು ರಾಜಿ ಮಾಡಿಸಲು ನೋಡುತ್ತದೆ, ಆಗದಿದ್ದರೆ ತಾನೇ ತೀರ್ಮಾನ ಕೊಡುತ್ತದೆ. ಯಾವ ಸೇವೆಗಳು ಅದರ ವ್ಯಾಪ್ತಿಗೆ ಬರಬೇಕೆಂದು ರಾಜ್ಯ ಸರ್ಕಾರ ಅಧಿಸೂಚನೆಯ ಮೂಲಕ ಸೇರಿಸಬಹುದು. ಬೀದಿ ಮರಗಳ ನಿರ್ವಹಣೆಯನ್ನೂ ಸೇರಿಸಲಿ. ಜೊತೆಗೆ ಮರಗಳ ಬಗ್ಗೆ ಬಂದ ದೂರುಗಳ ಪಟ್ಟಿ, ಯಾರು ಯಾವಾಗ ಬಂದು ನೋಡಿದರು ಅನ್ನುವುದು, ಎಲ್ಲರಿಗೂ ಕಾಣುವ ಹಾಗಿರಲಿ.

ಹೀಗಾದರೆ ಭಯಕ್ಕೆ ಇರುವ ಮರವನ್ನೆಲ್ಲ ಕಡಿದುಬಿಡುತ್ತಾರೆ ಎಂದು ಪರಿಸರದ ಗೆಳೆಯರು ಆತಂಕಪಡುತ್ತಾರೆ. ಆ ಆತಂಕ ನನಗೂ ಇದೆ. ಅದಕ್ಕೇ ದೂರು ಬಂದರೂ ನೋಡದೆ ಬಿಟ್ಟ ಮರಕ್ಕೆ, ಬೇರು ಕತ್ತರಿಸಿ ಬಿಟ್ಟ ಮರಕ್ಕೆ ಮಾತ್ರ ಹೊಣೆ ಇರಲಿ ಅನ್ನುತ್ತೇನೆ. ಗಟ್ಟಿ ಮರ ಬಿರುಗಾಳಿಗೆ ಬಿದ್ದರೆ ಯಾರನ್ನೂ ದೂರುವುದು ಬೇಡ.

ಅಲ್ಲಿಯತನಕ ದೂರನ್ನು ಫೋನಿನಲ್ಲಿ ಹೇಳಿ ಬಿಡಬೇಡಿ. ಬರೆದು ಕೊಡಿ, ಸ್ವೀಕೃತಿ ಪಡೆಯಿರಿ, ಬುಡದ ಫೋಟೋ ತೆಗೆದಿಡಿ. ಬಿದ್ದ ಮರವನ್ನು ಸಾಗಿಸುವ ಮೊದಲು ಮಹಜರು ಮಾಡಿಸಿ. ನಮ್ಮ ಬೀದಿಯವರು ಈ ಅಧಿಸೂಚನೆಗಾಗಿ ಶಾಸಕರಿಗೆ ಮನವಿ ಸಿದ್ಧ ಮಾಡುತ್ತಿದ್ದೇವೆ. ಸಹಿ ಹಾಕುವವರು ಕಾಮೆಂಟಿನಲ್ಲಿ ನಿಮ್ಮ ಬಡಾವಣೆಯ ಹೆಸರು ತಿಳಿಸಿ.