ಗಿಡ್ಡನ ವೇಷ

ನನ್ನ ಎತ್ತರ 5 ಅಡಿ 2 ಇಂಚು. ನಮ್ಮ ಊರಿನಲ್ಲಿ ಇಂಥವರಿಗೆ ಹೆಸರು ಹುಡುಕುವ ಕಷ್ಟವೇ ಇಲ್ಲ. ಕಾಸರಗೋಡು ಗಿಡ್ಡ ಅಂದರೆ ಸಾಕು. ಅಸಲಿಗೆ ಅದು ದನದ ತಳಿ. ಸೊಂಟದೆತ್ತರ ಇರುತ್ತದೆ, ಮೇವು ಕಮ್ಮಿ ಸಾಕು, ಗುಡ್ಡವನ್ನು ಆಡಿನ ಹಾಗೆ ಹತ್ತುತ್ತದೆ. ಇದರಲ್ಲಿ ನನಗೆ ಬಂದದ್ದು ಎತ್ತರ ಒಂದೇ. ಮೇವಿನ ವಿಷಯ ಅಮ್ಮನನ್ನು ಕೇಳಿ.

ಕಳೆದ ಆಟಿ ತಿಂಗಳ ಮಳೆಗಾಲದಲ್ಲಿ ಬೆಂಗಳೂರಿನಿಂದ ಭಾವ ಬಂದ. ಜೊತೆಗೆ ಒಂದು ದಪ್ಪ ಪುಸ್ತಕ, ಒಂದು ಚೀಲ ದಾಳ. ಆಟದ ಹೆಸರು ಡಂಜನ್ಸ್ ಆಂಡ್ ಡ್ರ್ಯಾಗನ್ಸ್. 1974ರಲ್ಲಿ ಅಮೆರಿಕದಲ್ಲಿ ಹೊರಬಂದದ್ದು. ಒಬ್ಬ ಕತೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ. ಅಂದುಕೊಂಡ ಕೆಲಸ ಕೈಗೂಡಿತಾ ಇಲ್ಲವಾ ಅಂತ 20 ಮುಖದ ದಾಳ ಹೇಳುತ್ತದೆ. "ಯಾರು ಬೇಕಾದರೂ ಎಂತ ಬೇಕಾದರೂ ಆಗಬಹುದು" ಎಂದ ಭಾವ. ನಾನು ಮನಸ್ಸಿನಲ್ಲೇ ಆರೂವರೆ ಅಡಿಯ ಖಡ್ಗಧಾರಿ ಆಗಿಬಿಟ್ಟೆ. ಒಳಗೆ ಹೋಗಿ ಚಹಾ ತರುವಷ್ಟರಲ್ಲಿ ತಂಗಿ ಎಲ್ಫ್ ಎಂಬ ಚೂಪು ಕಿವಿಯ ಚೆಲುವೆ ಆಗಿದ್ದಳು. ನೆರೆಮನೆಯ ಮಲಯಾಳಿ ಹುಡುಗ ಪಾಲಡಿನ್ ಎಂಬ ಧರ್ಮಯೋಧ. ನನ್ನ ಹೆಸರಿನ ಎದುರು ಭಾವ 'ಗ್ನೋಮ್' ಎಂದು ಬರೆದಾಗಿತ್ತು. ಯಾರೂ ನನ್ನನ್ನು ಕೇಳಲಿಲ್ಲ, ಯಾರಿಗೂ ಕೇಳಬೇಕು ಅನ್ನಿಸಲೂ ಇಲ್ಲ.

"ಗ್ನೋಮ್ ಅಲ್ಲ, ನೋಮ್" ಎಂದು ಭಾವ ತಿದ್ದಿದ. ಚಾವಡಿಯ ಮೂಲೆಯಿಂದ ಅಜ್ಜಿ ಕೇಳಿದರು, "ಯಾವ ನೋಂಪಿ? ಅನಂತನ ನೋಂಪಿಗೆ ಇನ್ನೂ ದಿನ ಉಂಟಲ್ಲ?"

ಈ ನೋಮ್ ಮೂರರಿಂದ ನಾಲ್ಕು ಅಡಿ ಎತ್ತರದ ಜನ. ಆಯುಷ್ಯ ಮಾತ್ರ 350ರಿಂದ ಸುಮಾರು 500 ವರ್ಷ. 16ನೇ ಶತಮಾನದ ಪ್ಯಾರಸೆಲ್ಸಸ್ ಎಂಬ ಯುರೋಪಿನ ವೈದ್ಯ ಮೊದಲು ಇವರ ಬಗ್ಗೆ ಬರೆದದ್ದಂತೆ. ನಾವು ಗಾಳಿಯಲ್ಲಿ ಓಡಾಡುವ ಹಾಗೆ ಇವರು ಮಣ್ಣಿನೊಳಗೆ ಓಡಾಡುತ್ತಾರಂತೆ. ಆಟದ ಪುಸ್ತಕದಲ್ಲಿ ಇವರಿಗೆ ಹೆಸರಿನ ಹುಚ್ಚು. ಒಬ್ಬೊಬ್ಬರಿಗೆ ಆರೇಳು ಇರುತ್ತವೆ, ಮನುಷ್ಯರ ಮುಂದೆ ಮಾತ್ರ ಮೂರಕ್ಕೆ ಇಳಿಸಿಕೊಳ್ಳುತ್ತಾರೆ. ಇದು ನನಗೆ ಕಷ್ಟ ಆಗಲಿಲ್ಲ. ಮನೆಯಲ್ಲಿ ಕರೆಯುವುದು ಒಂದು, ಕನ್ನಡ ಶಾಲೆಯ ರಿಜಿಸ್ಟರಿನಲ್ಲಿ ಒಂದು, ಮಲಯಾಳದಲ್ಲಿ ಬರೆದ ಕಾಗದಗಳಲ್ಲಿ ಮತ್ತೊಂದು. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಈ ಕಡೆಯ ನಾವೆಲ್ಲ ಸ್ವಲ್ಪ ಸ್ವಲ್ಪ ನೋಮ್‌ಗಳೇ.

"ನೀವೊಂದು ಸುರಂಗದ ಬಾಯಲ್ಲಿ ನಿಂತಿದ್ದೀರಿ" ಎಂದು ಭಾವ ಕತೆ ಶುರು ಮಾಡಿದ.

ನನಗೆ ಬೆನ್ನು ನೋಯಲು ಶುರುವಾಯಿತು. ನಮ್ಮ ಮನೆಯ ಹಿಂದೆ ಗುಡ್ಡಕ್ಕೆ ಕೊರೆದ ಸುರಂಗ ಉಂಟು. ಇಲ್ಲಿ ಬಾವಿ ಆಗದ ಕಡೆ ಹೀಗೆ ಮುರಕಲ್ಲಿನೊಳಗೆ ಅಡ್ಡಕ್ಕೆ ಕೊರೆದೇ ನೀರು ತರುವುದು. ಒಸರಿದ ನೀರು ತಾನಾಗಿ ಹೊರಗೆ ಹರಿದು ಬರುತ್ತದೆ, ಪಂಪು ಬೇಡ, ಕರೆಂಟು ಬೇಡ. ಆದರೆ ಹೂಳು ತೆಗೆಯಲು ಆಳು ಬೇಕು. ಪ್ರತಿ ಬೇಸಗೆ ಆ ಆಳು ನಾನು. "ನಿನಗಾದರೆ ತಲೆ ತಾಗುವುದಿಲ್ಲ ಮಾರಾಯ" ಎನ್ನುತ್ತಾರೆ ದೊಡ್ಡಪ್ಪ, ಏನೋ ಬಹುಮಾನ ಕೊಟ್ಟ ಹಾಗೆ.

ಹಾಗಾಗಿ ನಾನು ಅನುಭವದ ಮಾತೇ ಹೇಳಿದೆ, "ಮೊದಲು ಮೇಣದಬತ್ತಿ ಹಚ್ಚಿಕೊಂಡು ಹೋಗ್ತೇನೆ."

"ನೋಮ್‌ಗೆ ಕತ್ತಲಲ್ಲಿ 60 ಅಡಿ ಕಾಣ್ತದೆ. ಮೇಣದಬತ್ತಿ ಎಂತಕ್ಕೆ?"

"ಕಾಣ್ಲಿಕ್ಕಲ್ಲ, ಉಸಿರಿಗೆ. ಬತ್ತಿ ಆರಿದರೆ ಒಳಗೆ ಗಾಳಿ ಇಲ್ಲ ಅಂತ."

ಭಾವನ ಪುಸ್ತಕದಲ್ಲಿ ಇದು ಇರಲಿಲ್ಲ. "ದಾಳ ಹಾಕು" ಎಂದ. ಒಂದು ಬಿತ್ತು. ಅದಕ್ಕಿಂತ ಕೆಟ್ಟದ್ದು ಆ ದಾಳದಲ್ಲಿ ಇಲ್ಲ. ಮೇಣದಬತ್ತಿ ನೋಮ್‌ನ ಗಡ್ಡಕ್ಕೆ ತಾಗಿತು, ಬಾವಲಿಗಳು ಎದ್ದವು, ಎಲ್ಲರೂ ಓಡಿದರು. ಒಂದು ಸರದಿಗೆ ಅವರು 30 ಅಡಿ ಓಡುತ್ತಾರೆ. ನನ್ನದು 25. ಭಾವನ ಬಳಿ ಇದ್ದದ್ದು 2014ರ ಪುಸ್ತಕ. 2024ರ ಹೊಸ ಪುಸ್ತಕದಲ್ಲಿ ನೋಮ್‌ಗೂ 30 ಕೊಟ್ಟಿದ್ದಾರೆ ಎಂದು ನನಗೆ ಗೊತ್ತಾದದ್ದು ಆಮೇಲೆ. ಐದು ಅಡಿಯ ಆಸೆಗೆ ಹೊಸ ಪುಸ್ತಕ ತರುವ ಜನ ಅಲ್ಲ ನಮ್ಮ ಭಾವ.

ಸರಿಯಾಗಿ ಆಗಲೇ ಕರೆಂಟು ಹೋಯಿತು. ದಾಳದ ಚೀಲ ಮಗುಚಿತು. ನನ್ನ ನೋಮ್‌ಗೆ ಕತ್ತಲಲ್ಲಿ 60 ಅಡಿ ಕಾಣುತ್ತದೆ. ನನಗೆ ನನ್ನ ಮೊಣಕಾಲು ಕಾಣಲಿಲ್ಲ. ಅಷ್ಟರಲ್ಲಿ ಅಡಿಕೆ ತೋಟದಿಂದ ಬರಿಗಾಲಲ್ಲಿ ಬಂದ ದೊಡ್ಡಪ್ಪ ನಾಲ್ಕು ಮುಖದ ದಾಳದ ಮೇಲೆ ಕಾಲಿಟ್ಟರು. ಆ ದಾಳ ಹೇಗೆ ಬಿದ್ದರೂ ಒಂದು ಮೊನೆ ಮೇಲೆಯೇ ಇರುತ್ತದೆ. ದೊಡ್ಡಪ್ಪ ಹೇಳಿದ ಮಾತನ್ನು ಇಲ್ಲಿ ಬರೆಯಲಿಕ್ಕಾಗುವುದಿಲ್ಲ.

ಚಿಮಿಣಿ ದೀಪ ಬಂತು. ದೊಡ್ಡಪ್ಪ ಕಾಲು ತಿಕ್ಕುತ್ತಾ ಕೂತರು. "ಯಾವ ಪ್ರಸಂಗ?" ಎಂದರು.

ಇಲ್ಲಿ ಒಂದು ವಿಷಯ ಹೇಳಬೇಕು. ದೊಡ್ಡಪ್ಪ ತಾಳಮದ್ದಳೆಯ ಅರ್ಥಧಾರಿ. ವೇಷ ಇಲ್ಲ, ಕುಣಿತ ಇಲ್ಲ, ಎದುರುಬದುರು ಕೂತು ಪಾತ್ರವಾಗಿ ವಾದ ಮಾಡುವುದು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಯಲ್ಲಿ ಹುಟ್ಟಿದವರು ಬೇರೆ. ಸೇತುವೆ ಕಾಯುವ ಓಗರ್ ಎಂಬ ದೈತ್ಯನನ್ನು ನೋಮ್ ಒಪ್ಪಿಸಬೇಕು ಎಂದು ಭಾವ ವಿವರಿಸಿದ.

"ದೈತ್ಯನ ಅರ್ಥ ಯಾರದ್ದು?"

"ನನ್ನದೇ."

"ನೀನು ಭಾಗವತ. ಭಾಗವತ ಅರ್ಥ ಹೇಳುವುದುಂಟಾ? ದೈತ್ಯ ನಾನು."

ಪುಸ್ತಕದ ಪ್ರಕಾರ ಓಗರ್‌ನ ಬುದ್ಧಿ 5. ಸಾಮಾನ್ಯ ಮನುಷ್ಯನದ್ದು 10. ಭಾವ ಇದನ್ನು ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಪೀಠಿಕೆ ಶುರುವಾಗಿತ್ತು.

"ಎಲೈ ವಾಮನಾಕೃತಿಯೇ! ಕುಳ್ಳನೊಬ್ಬ ನೆಲ ಕೇಳಿದನೆಂದು ಕೊಟ್ಟವನು ನಮ್ಮ ಕುಲದ ಬಲೀಂದ್ರ. ಕೇಳಿದ್ದು ಮೂರು ಹೆಜ್ಜೆ, ಹೋದದ್ದು ಮೂರು ಲೋಕ. ನೀನು ಕೇಳುತ್ತಿರುವುದು ಇಡೀ ಸೇತುವೆ. ಎಷ್ಟು ಹೆಜ್ಜೆಯಾಯಿತು, ಲೆಕ್ಕ ಹಾಕಿದ್ದೀಯಾ?"

ನನ್ನ ಬಳಿ ಲೆಕ್ಕ ಇರಲಿಲ್ಲ. ದಾಳ ಇತ್ತು. ಉರುಳಿಸಿದೆ. 20! ತಂಗಿ ಚಪ್ಪಾಳೆ ಹೊಡೆದಳು.

ದೊಡ್ಡಪ್ಪ ದಾಳವನ್ನು ಎತ್ತಿ ದೀಪದ ಹತ್ತಿರ ಹಿಡಿದು ನೋಡಿದರು. "ದಾಳ ನಂಬಿ ಗೆದ್ದವನು ಶಕುನಿ. ನೀನು ವಾಮನನ ಪಕ್ಷವೋ ಶಕುನಿಯ ಪಕ್ಷವೋ? ಮೊದಲು ಅದು ಇತ್ಯರ್ಥವಾಗಲಿ."

ಒಂದು ಗಂಟೆಯಾದರೂ ಇತ್ಯರ್ಥ ಆಗಲಿಲ್ಲ. ಎಲ್ಫ್ ಕಂಬಕ್ಕೆ ಒರಗಿ ನಿದ್ದೆ ಹೋದಳು. ಮಲಯಾಳಿ ಹುಡುಗನಿಗೆ ವಾದ ಅರ್ಧಂಬರ್ಧ ಅರ್ಥವಾಗುತ್ತಿತ್ತು. ಇದು ಮಾವೇಲಿಯ, ಅಂದರೆ ಬಲೀಂದ್ರನ ಪಕ್ಷ ಎಂದು ತಿಳಿದದ್ದೇ ತಡ, ಚಾಪೆ ಎಳೆದುಕೊಂಡು ದೊಡ್ಡಪ್ಪನ ಕಡೆ ಕೂತ. ನನ್ನ ಧರ್ಮಯೋಧನೇ ದೈತ್ಯನ ಪಕ್ಷ ಸೇರಿದ ಮೇಲೆ ನಾನು ಯಾವ ಮುಖದಲ್ಲಿ ಸೇತುವೆ ದಾಟಲಿ? ಕೈ ಮುಗಿದೆ. ದೊಡ್ಡಪ್ಪ ತಾವೇ ಮಂಗಳ ಹಾಡಿ ಊಟಕ್ಕೆ ಎದ್ದರು. "ನಾಳೆ ಎಷ್ಟು ಹೊತ್ತಿಗೆ?" ಎಂದೂ ಕೇಳಿದರು.

ಬೆಳಿಗ್ಗೆ 20 ಮುಖದ ದಾಳ ಕಾಣಲಿಲ್ಲ. ಸೋಫಾದ ಅಡಿ, ಅಡಿಕೆ ಗೋಣಿಯ ಹಿಂದೆ, ಎಲ್ಲ ಕಡೆ ತಡಕಿದೆ. ಸಣ್ಣ ಸಂದಿಗಳಿಗೆಲ್ಲ ನನ್ನನ್ನೇ ಕಳಿಸಿದರು, ಹೇಳಬೇಕಾಗಿಲ್ಲ ಅಲ್ವಾ. ತಲೆಗೆ ಜೇಡರಬಲೆ ಸುತ್ತಿಕೊಂಡು ಹೊರಬಂದರೆ ಅಜ್ಜಿ ಮತ್ತು ತಂಗಿ ಚೆನ್ನೆಮಣೆ ಆಡುತ್ತಿದ್ದರು. 14 ಗುಳಿಗೆ ನಾಲ್ಕು ನಾಲ್ಕರಂತೆ 56 ಕಾಯಿ ಬೇಕು. ಅಜ್ಜಿಯ ಡಬ್ಬಿಯಲ್ಲಿ ಎಷ್ಟೋ ವರ್ಷದಿಂದ ಒಂದು ಕಮ್ಮಿ ಇತ್ತು.

"ಅದು ನಮ್ಮ ದಾಳ ಅಜ್ಜೀ. ಅದರಲ್ಲಿ 20ರವರೆಗೆ ಉಂಟು."

ಅಜ್ಜಿ ಅದನ್ನು ಮುಂದಿನ ಗುಳಿಗೆ ಹಾಕಿದರು. "ಇಲ್ಲಿ ಒಂದೇ" ಎಂದರು.