ಕ್ಯೂಸೆಕ್ ಬೇರೆ, ಟಿಎಂಸಿ ಬೇರೆ

ಮೊಬೈಲ್ ಕೈಲಿದ್ದರೆ ಎಲ್ಲರೂ ವರದಿಗಾರರೇ, ಪತ್ರಿಕೋದ್ಯಮ ಓದುವುದು ದಂಡ ಎಂದು ಲೇಖನದಲ್ಲಿ ಬರೆದಿದ್ದೀರಿ. ನಾನು ಕೊಪ್ಪಳದವನು, ಅರ್ಧ ಮಾತ್ರ ಒಪ್ಪುತ್ತೇನೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಕೊಂಡು ಹೋಯಿತಲ್ಲ, ಬೆಳಗಾಗುವಷ್ಟರಲ್ಲಿ ನನ್ನ ಫೋನಿಗೆ ರಾಶಿ ವಿಡಿಯೊ ಬಂದಿದ್ದವು. ಒಂದರಲ್ಲಿ ಡ್ಯಾಮೇ ಒಡೆದಿದೆ ಅನ್ನುವ ಕೂಗು. ಇನ್ನೊಬ್ಬ ಕ್ಯೂಸೆಕ್ ಅನ್ನಬೇಕಾದ ಕಡೆ ಟಿಎಂಸಿ ಅನ್ನುತ್ತಿದ್ದ! ಕ್ಯೂಸೆಕ್ ಅಂದರೆ ಸೆಕೆಂಡಿಗೆ ಎಷ್ಟು ಘನ ಅಡಿ ನೀರು ಹರಿಯುತ್ತಿದೆ ಅಂತ. ಟಿಎಂಸಿ ಅಂದರೆ ಒಟ್ಟು ನೀರಿನ ಲೆಕ್ಕ, ಒಂದು ಟಿಎಂಸಿಗೆ ನೂರು ಕೋಟಿ ಘನ ಅಡಿ. ಇಷ್ಟೂ ಗೊತ್ತಿಲ್ಲದೆ ಮೈಕ್ ಹಿಡಿದರೆ ಹೊಳೆ ದಂಡೆಯವರು ನಿದ್ದೆ ಮಾಡೋದು ಹೇಗೆ? 33 ಗೇಟುಗಳಲ್ಲಿ ಹೋಗಿದ್ದು ಒಂದು ಅಂತ ಸುಮ್ನೆ ಒಂದು ಸಾಲು ಹೇಳಿದ್ದರೂ ಸಾಕಿತ್ತು, ಅಲ್ವಾ?

ಆದರೆ ಕಾಲೇಜಿನಲ್ಲಿ ಇದನ್ನೆಲ್ಲ ಕಲಿಸುತ್ತಾರಾ? ನಮ್ಮ ಅಕ್ಕನ ಮಗಳು ಎರಡು ವರ್ಷ ಪತ್ರಿಕೋದ್ಯಮ ಓದಿದಳು. ಮಾಹಿತಿ ಹಕ್ಕು ಕಾಯ್ದೆ 2005ರದ್ದು ಅಂತ ಪರೀಕ್ಷೆಗೆ ಬಾಯಿಪಾಠ ಮಾಡಿಸಿದರಂತೆ, ಒಂದು ಅರ್ಜಿಯನ್ನೂ ಬರೆಸಲಿಲ್ಲವಂತೆ. ಅರ್ಜಿ ಶುಲ್ಕ ಬರೀ 10 ರೂಪಾಯಿ! ಮೊನ್ನೆ ತಾನೇ ಕಲಿತುಕೊಂಡು, ತಮ್ಮೂರ ಶಾಲೆ ಕಟ್ಟಡದ ಖರ್ಚು ಕೇಳಿ ಹಾಕಿದ್ದಾಳೆ. ಉತ್ತರ ಕೊಡೋಕೆ ಇರುವ ಗಡುವು 30 ದಿನ, ಆಗಲಿ, ನೋಡೋಣ.